ಸೋರುವ ಚಾವಣಿ, ಕುಸಿಯುವ ಚಾವಣಿ: ಮಳೆಗಾಲಕ್ಕೆ ಮುನ್ನ ಗುರುತಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಯುಗಾದಿ ಕಳೆದಿದೆ. ಇನ್ನು ಕೆಲವೇ ವಾರಗಳಲ್ಲಿ ರೋಹಿಣಿ ಮಳೆ, ಅದರ ಬೆನ್ನಿಗೇ ಮೃಗಶಿರಾ ಮಳೆ ಕಾಲಿಡಲಿವೆ. ಈ ಅವಧಿಯಲ್ಲಿ ರೈತರು ಬೀಜ ಗೊಬ್ಬರಗಳ ಸಿದ್ಧತೆಯಲ್ಲಿರುತ್ತಾರೆ. ಪಂಚಾಯಿತಿಗಳು ಚರಂಡಿಯ ಹೂಳು ತೆಗೆಸುವ, ಕುಡಿಯುವ ನೀರಿನ ಮೂಲಗಳನ್ನು ಶುಚಿಗೊಳಿಸುವ ಕಾರ್ಯದಲ್ಲಿ ತೊಡಗಿರುತ್ತವೆ. ಇವುಗಳಷ್ಟೇ ಅಗತ್ಯವಾಗಿದ್ದರೂ ನಮ್ಮ ಸಭೆಗಳ ಕಾರ್ಯಸೂಚಿಯಲ್ಲಿ ಅಪರೂಪವಾಗಿ ಕಾಣಿಸಿಕೊಳ್ಳುವ ವಿಷಯವೊಂದನ್ನು ಇಂದು ತಮ್ಮ ಮುಂದೆ ಇಡಬಯಸುತ್ತೇನೆ. ಅದು ನಮ್ಮ ಜನರ ಮನೆಗಳ ಚಾವಣಿ.

2019ರ ಆಗಸ್ಟ್ ತಿಂಗಳಿನ ಮಳೆ ಮತ್ತು ನೆರೆಯಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸಾವಿರಾರು ಮನೆಗಳು ಬಿದ್ದುದನ್ನು ತಾವೆಲ್ಲರೂ ಬಲ್ಲಿರಿ. ನೆರೆಯ ನೀರು ನುಗ್ಗಿದ ಊರುಗಳ ಮಾತು ಬೇರೆ. ಆದರೆ ನೀರು ಹೊಸ್ತಿಲನ್ನೂ ಮುಟ್ಟದ ಓಣಿಗಳಲ್ಲಿ, ಬರೀ ಜಿಟಿಜಿಟಿ ಮಳೆಗೆ ಮನೆ ಬೀಳುವುದು ನಮಗೆ ಹೊಸತಲ್ಲ. ಅಂತಹ ಮನೆ ಒಂದೇ ರಾತ್ರಿಯಲ್ಲಿ ದುರ್ಬಲವಾದುದಲ್ಲ. ಅದು ಹಲವು ವರ್ಷಗಳಿಂದ ತನ್ನ ಸ್ಥಿತಿಯನ್ನು ತೋರಿಸುತ್ತಲೇ ಬಂದಿರುತ್ತದೆ. ಆ ಸೂಚನೆಗಳನ್ನು ಓದುವವರು ಇರುವುದಿಲ್ಲ, ಅಷ್ಟೆ.

ಇಲ್ಲಿ ಮೊದಲು ಒಂದು ಭೇದವನ್ನು ಮನಗಾಣಬೇಕು. ಚಾವಣಿಯಲ್ಲಿ ಎರಡು ಭಾಗಗಳಿವೆ: ಹೊದಿಕೆ ಮತ್ತು ಆಧಾರ. ಹೆಂಚು, ತಗಡು, ಮೇಲ್ಮುದ್ದೆಯ ಮಣ್ಣು ಇವು ಹೊದಿಕೆ. ತೊಲೆ, ಜಂತಿ, ಪಕ್ಕಾಸು, ಕಬ್ಬಿಣದ ಸರಳು ಮತ್ತು ಇವೆಲ್ಲವನ್ನೂ ಹೊತ್ತ ಗೋಡೆ ಇವು ಆಧಾರ. ಹೊದಿಕೆ ಕೆಟ್ಟರೆ ಮನೆ ಸೋರುತ್ತದೆ. ಆಧಾರ ಕೆಟ್ಟರೆ ಮನೆ ಕುಸಿಯುತ್ತದೆ. ಸೋರುವುದೆಲ್ಲವೂ ಕುಸಿಯುವುದಿಲ್ಲ, ಕುಸಿಯುವುದೆಲ್ಲವೂ ಮೊದಲು ಸೋರಿಯೇ ತೀರುತ್ತದೆ ಎಂಬ ನಿಯಮವೂ ಇಲ್ಲ. ಈ ಭೇದ ತಿಳಿಯದೆ ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತಿವೆ. ನಾಲ್ಕು ಹೆಂಚು ಜಾರಿದ್ದಕ್ಕೆ ಬಡ ಕುಟುಂಬವೊಂದು ಸಾಲ ಮಾಡಿ ಇಡೀ ಚಾವಣಿಯನ್ನೇ ತೆಗೆಸಿಹಾಕುತ್ತದೆ. ಇನ್ನೊಂದು ಕುಟುಂಬ ತೊಲೆ ಗೆದ್ದಲು ತಿಂದು ಟೊಳ್ಳಾಗಿದ್ದರೂ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ, ಸೋರುವುದು ನಿಂತಿತೆಂದು ಅದರಡಿಯಲ್ಲೇ ಮಕ್ಕಳನ್ನು ಮಲಗಿಸುತ್ತದೆ. ಮೊದಲನೆಯದರಿಂದ ಹಣ ಹೋಗುತ್ತದೆ, ಎರಡನೆಯದರಿಂದ ಜೀವ ಹೋಗುತ್ತದೆ.

ನಮ್ಮ ಜಿಲ್ಲೆಯ ಪಶ್ಚಿಮಕ್ಕೆ, ಕಲಘಟಗಿ ಮತ್ತು ಅಳ್ನಾವರದ ಕಡೆ, ಮಲೆನಾಡಿನ ಸೆರಗಿನಲ್ಲಿ ಹೆಂಚಿನ ಮನೆಗಳು ಹೆಚ್ಚು. ಮಂಗಳೂರು ಹೆಂಚು 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಯಿಂದ ಆರಂಭವಾಗಿ ನಾಡಿನಾದ್ಯಂತ ಹರಡಿತು. ಚೆನ್ನಾಗಿ ಸುಟ್ಟ ಹೆಂಚು ಅದನ್ನು ಹೊತ್ತ ಮರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಆದ್ದರಿಂದ ಹೆಂಚಿನ ಮನೆಯನ್ನು ಪರೀಕ್ಷಿಸುವಾಗ ಹೆಂಚಿಗಿಂತ ಮೊದಲು ಮರವನ್ನು ನೋಡಬೇಕು. ಮನೆಯಿಂದ ಇಪ್ಪತ್ತು ಮಾರು ದೂರ ನಿಂತು ನೆತ್ತಿಯ ಸಾಲನ್ನು, ಅಂದರೆ ಕೋಡುಹೆಂಚುಗಳ ರೇಖೆಯನ್ನು ಗಮನಿಸಿರಿ. ಅದು ನೂಲು ಹಿಡಿದಂತೆ ನೇರವಾಗಿದ್ದರೆ ಆಧಾರ ಬಹುಮಟ್ಟಿಗೆ ಗಟ್ಟಿಯಾಗಿದೆ ಎನ್ನಬಹುದು. ನಡುವೆ ತಗ್ಗಿದ್ದರೆ ತೊಲೆಯೋ ಪಕ್ಕಾಸೋ ಬಾಗಿದೆ ಎಂದರ್ಥ. ಬಳಿಕ ಒಳಹೊಕ್ಕು, ಪಕ್ಕಾಸಿನ ತುದಿಗಳು ಗೋಡೆಯ ಮೇಲೆ ಕೂರುವ ಜಾಗವನ್ನು ನೋಡಿರಿ. ತೇವ ನಿಂತು ಮರ ಮೊದಲು ಕೊಳೆಯುವುದು ಅಲ್ಲಿಯೇ. ಒಂದು ದಪ್ಪ ದಬ್ಬಳವನ್ನು ಒತ್ತಿದಾಗ ಅದು ತಡೆಯಿಲ್ಲದೆ ಒಳನುಗ್ಗಿದರೆ ಆ ಮರದ ಆಯುಷ್ಯ ಮುಗಿದಿದೆ. ಗೋಡೆಯ ಮೇಲಿಂದ ಮರಕ್ಕೆ ಹತ್ತಿದ ಗೆದ್ದಲಿನ ಮಣ್ಣಿನ ಗೆರೆ, ನೆಲದ ಮೇಲೆ ಉದುರಿದ ಮರದ ಹಿಟ್ಟು ಇವೂ ಇದೇ ಮಾತನ್ನು ಹೇಳುತ್ತವೆ.

ಹೆಂಚನ್ನು ಪರೀಕ್ಷಿಸಲು ಬೆರಳಿನ ಗೆಣ್ಣು ಸಾಕು. ಒಣಗಿದ ಒಳ್ಳೆಯ ಹೆಂಚನ್ನು ತಟ್ಟಿದರೆ ಗಣ್ಣೆಂದು ನಾದ ಬರುತ್ತದೆ. ಬಿರುಕು ಬಿಟ್ಟ ಅಥವಾ ಸರಿಯಾಗಿ ಸುಡದ ಹೆಂಚು ಮಂಕಾಗಿ ಸದ್ದು ಮಾಡುತ್ತದೆ. ಪದರ ಪದರವಾಗಿ ಉದುರುವ ಹೆಂಚು ನೀರು ಹೀರಿ ಭಾರವಾಗುತ್ತದೆ. ಅಂತಹವನ್ನು ಮಾತ್ರ ಬದಲಿಸಬೇಕು. ಮರವೇ ಕೆಟ್ಟಿದ್ದರೂ ಹೆಂಚನ್ನು ಜೋಪಾನವಾಗಿ ಇಳಿಸಿ, ತೊಳೆದು, ಹೊಸ ಮರದ ಮೇಲೆ ಮತ್ತೆ ಹೊದಿಸಬಹುದು. ಚಾವಣಿ ಬದಲಿಸುವುದೆಂದರೆ ಎಲ್ಲವನ್ನೂ ಎಸೆಯುವುದಲ್ಲ ಎಂಬುದನ್ನು ಫಲಾನುಭವಿಗಳಿಗೆ ತಾವು ತಿಳಿಹೇಳಿದರೆ ಅವರಿಗೆ ದೊಡ್ಡ ಮೊತ್ತ ಉಳಿಯುತ್ತದೆ.

ಜಿಲ್ಲೆಯ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳಿವೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಇರುವ ಈ ಮನೆಗಳು ಹಿರಿಯರ ಜಾಣ್ಮೆಗೆ ಸಾಕ್ಷಿ. ಅವುಗಳಿಗೆ ಅಪಾಯ ಬರುವುದು ಭಾರದಿಂದ. ಪ್ರತಿ ವರ್ಷ ಮಳೆಗೆ ಮುನ್ನ ಮೇಲ್ಮುದ್ದೆಗೆ ಸವಳು ಮಣ್ಣು ಹರಡಿ ಬಡಿಯುವ ರೂಢಿಯಿದೆ. ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಹೊಸದನ್ನು ಹಾಕುತ್ತಾ ಹೋದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣು ಹೆಚ್ಚಾದರೆ ಸುಮಾರು ನಾಲ್ಕೂವರೆ ಕ್ವಿಂಟಲ್ ಭಾರ ಏರುತ್ತದೆ. ನಾಲ್ಕು ಅಂಗುಲ ಏರಿದರೆ ಹದಿನೆಂಟು ಕ್ವಿಂಟಲ್. ಅದು ಒಣ ಮಣ್ಣಿನ ಲೆಕ್ಕ. ಮಳೆ ಹೀರಿದಾಗ ಇನ್ನೂ ಹೆಚ್ಚು. ಆ ಭಾರವನ್ನು ಹೊರುವ ಜಂತಿಗಳಾದರೋ ವರ್ಷದಿಂದ ವರ್ಷಕ್ಕೆ ಸೊರಗುತ್ತಿರುತ್ತವೆ.

ಮಾಳಿಗೆಯ ಮನೆಯಲ್ಲಿ ನೋಡಬೇಕಾದ ಲಕ್ಷಣಗಳು ಇವು: ಜಂತಿ ನಡುವೆ ಬಾಗಿರುವುದು, ತೊಲೆ ಗೋಡೆಯಲ್ಲಿ ಊರಿದ ಜಾಗದಲ್ಲಿ ಮಣ್ಣು ಪುಡಿಯಾಗಿ ಉದುರುವುದು, ಗೋಡೆ ಹೊರಕ್ಕೆ ಉಬ್ಬಿರುವುದು, ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಬಿರುಕು ಅಗಲವಾಗುತ್ತಿರುವುದು, ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಕಚ್ಚುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಆ ಮನೆಯನ್ನು ಅಪಾಯದ ಪಟ್ಟಿಗೆ ಸೇರಿಸಬೇಕು. ಮಳೆ ನಿಂತಿತೆಂದು ಅಪಾಯ ನೀಗುವುದಿಲ್ಲ ಎಂಬುದನ್ನೂ ಜನರಿಗೆ ತಿಳಿಸಬೇಕು. ನಾಲ್ಕಾರು ದಿನ ನೆನೆದ ಮಣ್ಣಿನ ಭಾರ ಬಿಸಿಲು ಬಂದ ಮೇಲೂ ಹಾಗೆಯೇ ಉಳಿದಿರುತ್ತದೆ.

ಇನ್ನು ಆರ್‌ಸಿಸಿ ಚಾವಣಿ. ಸಿಮೆಂಟಿನ ಮನೆ ಶಾಶ್ವತವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದರ ಬಲವಾದರೋ ಒಳಗಿನ ಕಬ್ಬಿಣದ ಸರಳುಗಳಲ್ಲಿದೆ. ಸರಳಿನ ಕೆಳಗೆ ಸಾಕಷ್ಟು ದಪ್ಪದ ಕಾಂಕ್ರೀಟ್ ಹೊದಿಕೆ ಇಲ್ಲದಿದ್ದರೆ, ಕಲಸುವಾಗ ನೀರು ಅತಿಯಾದರೆ, ಹಾಕಿದ ಮೇಲೆ ಸರಿಯಾಗಿ ನೀರುಣಿಸದಿದ್ದರೆ, ತೇವವೂ ಗಾಳಿಯೂ ಸರಳನ್ನು ಮುಟ್ಟುತ್ತವೆ. ತುಕ್ಕು ಹಿಡಿದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ; ಆ ಒತ್ತಡಕ್ಕೆ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಅಲ್ಲಲ್ಲಿ ಕೂದಲೆಳೆಯಂತೆ ಅಡ್ಡಾದಿಡ್ಡಿಯಾಗಿ ಕಾಣುವ ಸೂಕ್ಷ್ಮ ಬಿರುಕುಗಳು ಬಹುಪಾಲು ಗಿಲಾವಿನವು. ಸರಳು ಹಾದುಹೋದ ದಾರಿಯಲ್ಲೇ ನೇರವಾಗಿ, ಸಮಾನ ಅಂತರದಲ್ಲಿ ಸಾಗುವ ಬಿರುಕುಗಳನ್ನು ಅಲಕ್ಷಿಸಬಾರದು. ಕಂದು ಬಣ್ಣದ ಕಲೆ, ಚಕ್ಕೆ ಚಕ್ಕೆಯಾಗಿ ಉದುರುವ ಕಾಂಕ್ರೀಟ್, ಬಯಲಾದ ಸರಳು ಇವು ಮುಂದಿನ ಹಂತಗಳು. ಉದ್ದನೆಯ ಕೋಲಿನಿಂದ ಕೆಳಗಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಟೊಳ್ಳು ಸದ್ದು ಬರುವ ಜಾಗಗಳು ತಾವೇ ಗೊತ್ತಾಗುತ್ತವೆ. ಹಾಗೆ ತಟ್ಟುವವರು ನೇರ ಕೆಳಗೆ ನಿಲ್ಲಬಾರದು.

ಕೆಡುಕು ಒಂದು ಮೂಲೆಗೆ ಸೀಮಿತವಾಗಿದ್ದರೆ, ಸಡಿಲವಾದುದನ್ನು ತೆಗೆದು, ಸರಳಿನ ತುಕ್ಕು ಉಜ್ಜಿ, ಮತ್ತೆ ಹೊದಿಕೆ ಕೊಟ್ಟು ಸರಿಪಡಿಸಬಹುದು. ಕೋಣೆಯ ಬಹುಭಾಗಕ್ಕೆ ಹರಡಿದ್ದರೆ, ಸರಳು ಸವೆದು ತೆಳ್ಳಗಾಗಿದ್ದರೆ, ಚಾವಣಿ ಕೆಳಕ್ಕೆ ಜೋತಿದ್ದರೆ ಅದನ್ನು ಬದಲಿಸುವುದೇ ದಾರಿ. ಮೇಲೆ ನೀರುನಿರೋಧಕ ಬಳಿದರೆ ಹೊಸ ನೀರು ನಿಲ್ಲಬಹುದು, ಸವೆದ ಸರಳು ಮರಳಿ ಬಲಿಯುವುದಿಲ್ಲ. ಕೆಳಗೆ ಹೊಸ ಗಿಲಾವು ಮಾಡಿ ಬಣ್ಣ ಬಳಿದರಂತೂ ಎಚ್ಚರಿಕೆಯ ಗುರುತುಗಳೇ ಮರೆಯಾಗುತ್ತವೆ. ಹಳೆಯ ಚಾವಣಿಯ ಮೇಲೆ ನೀರಿನ ಟ್ಯಾಂಕ್ ಇಡುವ ಮುನ್ನ, ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರವೆಂಬುದು ನೆನಪಿರಲಿ.

ತಗಡು ಮತ್ತು ಸಿಮೆಂಟ್ ಶೀಟುಗಳ ಬಗ್ಗೆ ಎರಡು ಮಾತು. ತಗಡು ಮೊದಲು ತುಕ್ಕು ಹಿಡಿಯುವುದು ಬೋಲ್ಟಿನ ತೂತಿನ ಸುತ್ತ. ಅಲ್ಲಿ ತೂತು ದೊಡ್ಡದಾದರೆ ಸೋರುವುದಷ್ಟೇ ಅಲ್ಲ, ಬಿರುಗಾಳಿಗೆ ಇಡೀ ಹಾಳೆಯೇ ಹಾರಿ ದಾರಿಹೋಕರ ಮೇಲೆ ಬೀಳಬಹುದು. ಕಲ್ನಾರಿನ ಹಳೆಯ ಸಿಮೆಂಟ್ ಶೀಟುಗಳ ಮೇಲೆ ಯಾರೂ ನೇರವಾಗಿ ಕಾಲಿಡಬಾರದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದ್ದರಿಂದ ಅವನ್ನು ಇಳಿಸುವಾಗ ಒಡೆಯದೆ, ಕೊರೆಯದೆ, ನೀರು ಚಿಮುಕಿಸಿ, ಮುಖಗವಸು ಧರಿಸಿ ಇಡಿಯಾಗಿ ಇಳಿಸಬೇಕು. ಒಡೆದ ಚೂರುಗಳನ್ನು ಮಕ್ಕಳು ಆಡುವೆಡೆ ಸುರಿಯಬಾರದು.

ಗೌರವಾನ್ವಿತ ಸದಸ್ಯರೇ, ಇಷ್ಟು ಲಕ್ಷಣಗಳನ್ನು ತಿಳಿದ ಮೇಲೆ ಪಂಚಾಯಿತಿಯ ಕರ್ತವ್ಯವೇನು? ತಾವು ಇಂಜಿನಿಯರುಗಳಾಗಬೇಕಿಲ್ಲ. ತಮ್ಮ ಕೆಲಸ ನೋಡುವುದು, ಬರೆಯುವುದು, ತಲುಪಿಸುವುದು. ಪ್ರತಿ ಸದಸ್ಯರು ತಮ್ಮ ವಾರ್ಡಿನ ಹಳೆಯ ಮನೆಗಳಿಗೆ ಮನೆಯವರ ಒಪ್ಪಿಗೆ ಪಡೆದು ಭೇಟಿ ನೀಡಿ, ಅವನ್ನು ಮೂರು ಗುಂಪಾಗಿ ವಿಂಗಡಿಸಬಹುದು. ಹೊದಿಕೆ ಮಾತ್ರ ಕೆಟ್ಟವು ಮೊದಲ ಗುಂಪು. ಇವಕ್ಕೆ ದುರಸ್ತಿ ಸಾಕು. ಆಧಾರದಲ್ಲಿ ಸಂಶಯವಿರುವವು ಎರಡನೆಯದು. ಇವುಗಳ ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಇಂಜಿನಿಯರಿಂಗ್ ಉಪವಿಭಾಗಕ್ಕೆ ಕಳುಹಿಸಿ ತಪಾಸಣೆ ಕೋರಬೇಕು. ಆಧಾರ ಕೆಟ್ಟಿರುವುದು ಕಣ್ಣಿಗೇ ಕಾಣುವವು ಮೂರನೆಯದು. ಇವುಗಳಲ್ಲಿ ವಾಸಿಸುವವರನ್ನು ಮಳೆಗೆ ಮುನ್ನವೇ ಬಂಧುಗಳ ಮನೆಗೋ ಸುರಕ್ಷಿತ ಸಾರ್ವಜನಿಕ ಕಟ್ಟಡಕ್ಕೋ ಸ್ಥಳಾಂತರಿಸಲು ಮನವೊಲಿಸಬೇಕು. ತಕ್ಷಣ ಬಿಡಲಾಗದಿದ್ದರೆ ಕನಿಷ್ಠ ಆ ಕೋಣೆಯಲ್ಲಿ ಮಲಗುವುದನ್ನಾದರೂ ನಿಲ್ಲಿಸಬೇಕು.

ಪಟ್ಟಿ ಮಾಡುವಾಗ ಒಂಟಿ ವೃದ್ಧರು, ವಿಧವೆಯರು, ಅಂಗವಿಕಲರು ಮತ್ತು ಬಾಡಿಗೆಗೆ ಇರುವವರ ಮನೆಗಳಿಂದ ಆರಂಭಿಸಿರಿ. ಸಭೆಗೆ ಬಂದು ದನಿಯೆತ್ತುವವರ ಮನೆ ಹೇಗೂ ಪಟ್ಟಿಗೆ ಸೇರುತ್ತದೆ. ಬಾರದವರ ಮನೆಯನ್ನು ನಾವೇ ಹುಡುಕಬೇಕು. ಬಸವ ವಸತಿ ಯೋಜನೆ, ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಮುಂತಾದವುಗಳಡಿ ಗ್ರಾಮ ಸಭೆಯಲ್ಲಿ ಫಲಾನುಭವಿಗಳ ವಿಷಯ ಬಂದಾಗ, ಇಂತಹ ಲಿಖಿತ ಪಟ್ಟಿ ಕೈಯಲ್ಲಿದ್ದರೆ ಅರ್ಹತೆಯುಳ್ಳವರಲ್ಲಿ ಯಾರ ಅಗತ್ಯ ಹೆಚ್ಚಿನದೆಂಬ ಚರ್ಚೆ ಆಧಾರಸಹಿತವಾಗಿ ನಡೆಯುತ್ತದೆ. ಮಳೆಗೆ ಮುಂಚಿನ ಛಾಯಾಚಿತ್ರ ಮತ್ತು ದಿನಾಂಕವನ್ನು ಪಟ್ಟಿಯೊಡನೆ ಇರಿಸಿದರೆ, ಮುಂದೆ ಹಾನಿಯಾದಾಗ ತಹಶೀಲ್ದಾರರ ಕಚೇರಿಯ ಪರಿಶೀಲನೆಗೂ ಅನುಕೂಲ. ಶಾಲೆ, ಅಂಗನವಾಡಿ ಮತ್ತು ಪಂಚಾಯಿತಿಯ ಸ್ವಂತ ಕಟ್ಟಡಗಳನ್ನು ಇದೇ ಕಣ್ಣಿನಿಂದ ನೋಡುವುದನ್ನು ಮರೆಯಬಾರದು.

ಕೊನೆಯದಾಗಿ ಕಾಲದ ಮಾತು. ಚಾವಣಿ ತೆಗೆದ ಮಣ್ಣಿನ ಗೋಡೆಗೆ ಮಳೆ ತಗುಲಿದರೆ ಉಳಿದ ಗೋಡೆಯೂ ಕರಗುತ್ತದೆ. ಆದ್ದರಿಂದ ಬದಲಿಸುವ ಕೆಲಸ ಈಗಲೇ ಆರಂಭವಾಗಿ ರೋಹಿಣಿಯೊಳಗೆ ಮುಗಿಯಬೇಕು. ಮುಗಿಯದೆಂದು ತೋರಿದರೆ ಹಳೆಯದನ್ನು ಕಳಚದೆ, ಅನುಭವಿ ಬಡಗಿಯಿಂದ ತಾತ್ಕಾಲಿಕ ಊರೆಗಂಬ ಕೊಡಿಸಿ, ಆ ಕೋಣೆಯನ್ನು ತೆರವುಗೊಳಿಸಿ, ಮಳೆ ಮುಗಿದ ಮೇಲೆ ಕೈಹಚ್ಚುವುದು ಲೇಸು. ಮನೆ ಬಿದ್ದ ಮೇಲೆ ಸರ್ಕಾರದ ಪರಿಹಾರ ಬರುತ್ತದೆ. ಅದನ್ನು ಕೊಡಿಸುವುದೂ ನಮ್ಮ ಕರ್ತವ್ಯವೇ. ಆದರೆ ಪರಿಹಾರದ ಚೆಕ್ಕಿಗೆ ಸಹಿ ಮಾಡಲು ಆ ಮನೆಯವರೆಲ್ಲರೂ ಉಳಿದಿರಬೇಕು. ತಾವು ಊರಿಗೆ ಮರಳಿದ ಮೊದಲ ವಾರದಲ್ಲೇ ತಮ್ಮ ವಾರ್ಡಿನ ಹತ್ತು ಹಳೆಯ ಮನೆಗಳನ್ನು ನೋಡಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಆ ಪಟ್ಟಿಯನ್ನು ಮಂಡಿಸಬೇಕೆಂದು ವಿನಂತಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.