ಮಗುವಿನ ಪ್ರಶ್ನೆಯೂ ಕನ್ನಡದ ‘ಬಾಲ ವಿಜ್ಞಾನ’ವೂ



ಒಮ್ಮೆ ಈ ದೇವಸುಗೂರಿನ ಕೃಷ್ಣಾತೀರದಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳು ವಿದ್ಯುತ್ ಕೇಂದ್ರದ ಚಿಮಣಿಗಳನ್ನು ತೋರಿಸಿ, “ಅಜ್ಜಾ, ನಮ್ಮ ಒಲ್ಯಾಗೂ ಬೆಂಕಿ ಐತಿ; ಅದರಿಂದ ಕರೆಂಟ್ ಯಾಕ ಬರಂಗಿಲ್ಲ?” ಎಂದು ಕೇಳಿದಳು. “ಸುಮ್ಮನಿರವ್ವಾ” ಎಂದುಬಿಟ್ಟೆನು. ಉತ್ತರವು ನನಗೆ ತಿಳಿದಿರಲಿಲ್ಲವೆಂಬುದೇ ನಿಜ. ಕಲ್ಲಿದ್ದಲಿನ ಶಾಖದಿಂದ ನೀರು ಉಗಿಯಾಗುವುದು. ಉಗಿಯು ಚಕ್ರವನ್ನು ತಿರುಗಿಸುವುದು. ಚಕ್ರದೊಡನೆ ಅಯಸ್ಕಾಂತವು ತಂತಿಯ ಸುರುಳಿಗಳ ನಡುವೆ ತಿರುಗಲು ವಿದ್ಯುತ್ತು ಹುಟ್ಟುವುದು. ಒಲೆಯಲ್ಲಿ ಬೆಂಕಿಯುಂಟು, ಚಕ್ರವಿಲ್ಲ. ಇಷ್ಟನ್ನು ತಿಳಿಗನ್ನಡದಲ್ಲಿಯೇ ಹೇಳಬಹುದಾಗಿತ್ತು.

ಹೀಗೆ ಹೇಳಬಹುದೆಂದು ನಂಬಿದ ಹಿರಿಯರ ಕಥೆಯೇ ಇಂದಿನ ವಿಷಯವು. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಮಕ್ಕಳಿಗೆಂದೇ ಮೀಸಲಾದುದಲ್ಲ. ಬಹುಕಾಲ ಬಾಳಲೂ ಇಲ್ಲ. ಆದರೂ ಕನ್ನಡಕ್ಕೆ ಶಾಸ್ತ್ರವನ್ನು ಹೊರುವ ಶಕ್ತಿಯುಂಟೆಂದು ತೋರಿಸಿತು.

ಆಗ ನಮ್ಮ ರಾಯಚೂರು ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದಿತು. ಅದೇ 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿ ಉನ್ನತ ವಿದ್ಯೆಯನ್ನು ಕಲಿಸಿತು. ಅದು ಶ್ಲಾಘ್ಯವೇ ಸರಿ. ಆದರೆ ನಮ್ಮ ಹಳ್ಳಿಗಳ ಕನ್ನಡದ ಮಕ್ಕಳಿಗೆ ಆ ಬಾಗಿಲು ಎತ್ತರವಾಗಿದ್ದಿತು. 1956ರಲ್ಲಿ ನಾವು ಕನ್ನಡನಾಡಿನೊಡನೆ ಕೂಡಿದ ಮೇಲೂ ಮಕ್ಕಳ ಕೈಗೆ ನಿಲುಕುವ ವಿಜ್ಞಾನಪತ್ರಿಕೆಯೊಂದು ಬೇಕಾಗಿಯೇ ಇದ್ದಿತು.

ಆ ಕೊರತೆಯನ್ನು ತುಂಬಲು 1978ರಲ್ಲಿ ‘ಬಾಲ ವಿಜ್ಞಾನ’ವು ಹುಟ್ಟಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಗಿ ಅದರ ಪ್ರಕಟಣೆಯ ಭಾರವನ್ನು ಹೊತ್ತಿತು. ಜೆ. ಆರ್. ಲಕ್ಷ್ಮಣರಾಯರು, ಅಡ್ಯನಡ್ಕ ಕೃಷ್ಣಭಟ್ಟರು ಮೊದಲಾದವರು ಅದರ ಸಂಪಾದನೆಯಲ್ಲಿ ದುಡಿದರು. ಇಬ್ಬರೂ ತರಗತಿಯಲ್ಲಿ ಪಾಠ ಹೇಳಿ ನುರಿತ ಅಧ್ಯಾಪಕರು. ಪ್ರಶ್ನೋತ್ತರ, ಚಕ್ರಬಂಧ, ಮನೆಯ ಸಾಮಾನಿನಿಂದಲೇ ಮಾಡಿ ನೋಡತಕ್ಕ ಪ್ರಯೋಗ, ಇವುಗಳಿಂದ ಮಗುವನ್ನು ಬಾಯಿಪಾಠದಿಂದ ವಿಚಾರದ ಕಡೆಗೆ ಕರೆದೊಯ್ಯುವುದೇ ಅವರ ಮಾರ್ಗವಾಗಿದ್ದಿತು.

ಹನ್ನೆರಡನೆಯ ಶತಮಾನದಲ್ಲಿ ಶರಣರು ಅನುಭಾವವನ್ನು ಜನರ ನುಡಿಯಲ್ಲಿ ನುಡಿದರು. ಅನುಭವಮಂಟಪದಲ್ಲಿ ಪ್ರಶ್ನೆಗೆ ಪೀಠವಿದ್ದಿತು. ಆ ಪರಂಪರೆಯವರಾದ ನಾವು ಮಗುವಿನ ಪ್ರಶ್ನೆಯನ್ನು ಗದರಿಸಿ ಅಡಗಿಸಿದರೆ, ಅಡಗುವುದು ಪ್ರಶ್ನೆಯೊಂದೇ ಅಲ್ಲ, ಕೇಳುವ ಧೈರ್ಯವೂ ಅಡಗುವುದು. ಪತ್ರಿಕೆಯು ಎಷ್ಟೇ ಒಳ್ಳೆಯದಾದರೂ, ತೆರೆದು ಓದಿಸುವ ಹಿರಿಯರಿಲ್ಲದ ಮನೆಯಲ್ಲಿ ಅದು ಬರಿಯ ಕಾಗದವು.

ಆದುದರಿಂದ ಮಠದ ವಾಚನಾಲಯದಲ್ಲಿ ಇಂತಹ ಪತ್ರಿಕೆಗಳ ಸಂಪುಟಗಳನ್ನು ಮಕ್ಕಳ ಕೈಗೆ ಎಟಕುವಂತೆ ಇರಿಸಬೇಕೆಂದೂ, ತಿಳಿಯದುದನ್ನು “ತಿಳಿಯದು, ಕೂಡಿ ಓದೋಣ” ಎಂದು ಹೇಳುವ ವಿನಯವು ನಮಗೆ ಬರಲೆಂದೂ ಪ್ರಾರ್ಥಿಸುವೆನು. ಆ ಹುಡುಗಿಗೆ ನಾನು ತಡವಾಗಿಯಾದರೂ ಉತ್ತರ ಹೇಳಿದೆನು. ಅವಳು ಕೂಡಲೇ ಇನ್ನೊಂದು ಪ್ರಶ್ನೆ ಕೇಳಿದಳು. ನನ್ನ ತಪ್ಪನ್ನು ಅವಳು ಮನ್ನಿಸಿದಳೆಂದು ಅದರಿಂದಲೇ ತಿಳಿದೆನು.