ವಿಮಾನದ ಕೆಳಗೆ ದುಡಿಯುವವರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭಗಳಲ್ಲಿ ಹಳೆಯ ವಿದ್ಯಾರ್ಥಿಗಳು ತಾವು ಮೇಲೆ ಬಂದ ಕಥೆ ಹೇಳುವುದು ವಾಡಿಕೆ. ನಾನು ವಿಮಾನದ ಕೆಳಗೆ ನಿಂತು ದುಡಿಯುವವರ ಬಗ್ಗೆ ಹೇಳುತ್ತೇನೆ. ಬಿಇ ಮುಗಿಸಿದ ಮೇಲೆ ನನಗೆ ಸಿಕ್ಕಿದ್ದು ವಿಮಾನ ನಿಲ್ದಾಣಗಳಿಗೆ ಸಾಫ್ಟ್‌ವೇರ್ ತಯಾರಿಸುವ ಕೆಲಸ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಹುಡುಗರೂ ಲೋಡರ್‌ಗಳಾಗಿ, ಟ್ರ್ಯಾಕ್ಟರ್ ಚಾಲಕರಾಗಿ ಅಲ್ಲಿ ಸೇರಿದ್ದಾರೆ. ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ನಾಳೆ ಹೋಗಬಹುದು. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ವಿಮಾನ ಬಂದು ನಿಲ್ಲುವ ಜಾಗವನ್ನು ರ‍್ಯಾಂಪ್ ಎನ್ನುತ್ತಾರೆ. ಸಣ್ಣ ವಿಮಾನವೊಂದು ಇಳಿದು ಮತ್ತೆ ಹೊರಡಲು ಕೆಲವೊಮ್ಮೆ ಅರ್ಧ ಗಂಟೆಯಷ್ಟೇ ಸಮಯ. ಅಷ್ಟರಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು, ಸುತ್ತ ಕೋನ್ ನಿಲ್ಲಿಸಬೇಕು, ಸಾಮಾನು ಇಳಿಸಿ ಹೇರಬೇಕು, ಇಂಧನ ತುಂಬಬೇಕು, ಕೊನೆಗೆ ವಿಮಾನವನ್ನು ಹಿಂದಕ್ಕೆ ತಳ್ಳಬೇಕು. ಬಿಸಿಲಿರಲಿ, ನಡುರಾತ್ರಿಯಿರಲಿ, ಗಡಿಯಾರ ಓಡುತ್ತಲೇ ಇರುತ್ತದೆ.

ಅಲ್ಲಿನ ದೊಡ್ಡ ಅಪಾಯ ಎಂಜಿನ್. ಅದು ನಿಧಾನವಾಗಿ ತಿರುಗುತ್ತಿದ್ದರೂ ಮುಂದೆ ಇರುವ ಮನುಷ್ಯನನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಹಿಂದಿನಿಂದ ಬರುವ ಗಾಳಿ ಆಳನ್ನೇ ಕೆಡವುತ್ತದೆ. ಸದ್ದು ಕೇಳಿ ದೂರ ಸರಿಯಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಕಿವಿ ಉಳಿಸಿಕೊಳ್ಳಲು ಎಲ್ಲರೂ ಕಿವಿಗೆ ಕವಚ ಹಾಕಿರುತ್ತಾರೆ, ಅಕ್ಕಪಕ್ಕದ ವಿಮಾನಗಳೂ ಗರ್ಜಿಸುತ್ತಿರುತ್ತವೆ. ಯಾವ ಎಂಜಿನ್ ಓಡುತ್ತಿದೆ ಎಂದು ಕಿವಿಯಿಂದ ತಿಳಿಯುವುದಿಲ್ಲ. ಆದ್ದರಿಂದ ನಂಬಬೇಕಾದದ್ದು ವಿಮಾನದ ಬೆನ್ನಿನ ಮೇಲೆ ಮತ್ತು ಹೊಟ್ಟೆಯ ಕೆಳಗೆ ಮಿನುಗುವ ಕೆಂಪು ದೀಪವನ್ನು. ಅದು ಆರುವವರೆಗೆ ಹತ್ತಿರ ಹೋಗಬಾರದು.

2022ರ ಡಿಸೆಂಬರ್ 31ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಹೀಗೇ ಎಂಜಿನ್‌ಗೆ ಸಿಲುಕಿ ತೀರಿಕೊಂಡರು. ನಿಂತ ವಿಮಾನಕ್ಕೆ ವಿದ್ಯುತ್ ಕೊಡುವ ಸಣ್ಣ ಎಂಜಿನ್ ಅದರ ಬಾಲದಲ್ಲಿರುತ್ತದೆ. ಅಂದು ಅದು ಕೆಟ್ಟಿತ್ತು. ನೆಲದಿಂದ ವಿದ್ಯುತ್ ಸಂಪರ್ಕ ಕೊಡುವವರೆಗೆ ರೆಕ್ಕೆಯ ಎಂಜಿನ್ ಓಡುತ್ತಲೇ ಇರಬೇಕಾಯಿತು. ಈ ವಿಷಯವನ್ನು ವಿಮಾನ ಬರುವ ಮೊದಲೇ ಸಿಬ್ಬಂದಿಗೆ ಎರಡು ಸಲ ಹೇಳಲಾಗಿತ್ತು ಎಂದು ತನಿಖೆಯ ವರದಿ ಹೇಳುತ್ತದೆ. ಆಗ ಅವರ ಕೈಯಲ್ಲಿದ್ದದ್ದು ಸುರಕ್ಷತೆಗೆಂದು ಇಡುವ ಕೋನ್.

ನಮ್ಮ ದೇಶದಲ್ಲೂ ಇಂಥದ್ದು ಆಗಿದೆ. 2015ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಹೈದರಾಬಾದಿಗೆ ಹೊರಟಿದ್ದ ವಿಮಾನ, ನೆಲದ ಸಿಬ್ಬಂದಿ ಇನ್ನೂ ಸರಿಯುವ ಮೊದಲೇ ಚಲಿಸಿ, ಒಬ್ಬ ತಂತ್ರಜ್ಞರ ಜೀವ ಹೋಯಿತು. 2019ರ ಜುಲೈನಲ್ಲಿ ಕೋಲ್ಕತ್ತದಲ್ಲಿ ಚಕ್ರದ ಗೂಡಿನ ಬಾಗಿಲು ಮುಚ್ಚಿಕೊಂಡು ಒಬ್ಬ ಯುವ ತಂತ್ರಜ್ಞ ಸತ್ತ. ಮೂರು ಕಡೆಯೂ ಸತ್ತವರು ತಮ್ಮ ಕೆಲಸ ಮಾಡುತ್ತಿದ್ದವರೇ.

ನಾನು ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವನು. ನಾವು ಬರೆಯುವ ಪ್ರೋಗ್ರಾಂ ಪ್ರತಿ ಕೆಲಸಕ್ಕೂ ನಿಮಿಷ ಲೆಕ್ಕ ಹಾಕುತ್ತದೆ. ವಿಮಾನ ತಡವಾದರೆ ಕಾರಣ ಬರೆಯಲೇಬೇಕು. ಅದಕ್ಕೆ ಜಗತ್ತಿನಾದ್ಯಂತ ಎರಡಂಕಿಯ ಸಂಖ್ಯೆಗಳಿವೆ. ಸಾಮಾನು ಹೇರುವಲ್ಲಿ ತಡವಾದರೆ 32. ಆ ಸಂಖ್ಯೆ ಯಾರ ಪಾಲಿಗೆ ಬರುತ್ತದೋ ಅವರಿಗೆ ಮೇಲಿನವರಿಂದ ಪ್ರಶ್ನೆ ಬರುತ್ತದೆ. ಆದರೆ ಒಬ್ಬ ಹುಡುಗ ಕೆಂಪು ದೀಪ ಆರಲಿ ಎಂದು ಒಂದು ನಿಮಿಷ ಕಾದದ್ದರಿಂದ ಒಂದು ಅಪಘಾತ ತಪ್ಪಿದರೆ ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಡೆಯದೇ ಹೋದದ್ದಕ್ಕೆ ಸಂಖ್ಯೆ ಕೊಡುವುದು ಹೇಗೆ? ಹೀಗೆ ತಡ ಎಲ್ಲರಿಗೂ ಕಾಣುತ್ತದೆ, ಎಚ್ಚರಿಕೆ ಯಾರಿಗೂ ಕಾಣುವುದಿಲ್ಲ. ಮಿಂಚುವ ಜಾಕೆಟ್ ಕೊಟ್ಟರೆ ಸಾಲದು. ಕಾದವನನ್ನು ಬೈಯದ ಮೇಲಧಿಕಾರಿಯೂ ಬೇಕು. ಅದಿಲ್ಲದೆ ಎಷ್ಟು ತರಬೇತಿ ಕೊಟ್ಟರೂ ಅವಸರವೇ ಗೆಲ್ಲುತ್ತದೆ.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಆ ಕೆಲಸಕ್ಕೆ ಹೋದರೆ ಮೂರು ಮಾತು ನೆನಪಿಟ್ಟುಕೊಳ್ಳಿ. ದೀಪ ಆರದೆ, ನಿಮ್ಮ ಮುಖ್ಯಸ್ಥರು ಸನ್ನೆ ಮಾಡದೆ ಹೆಜ್ಜೆ ಇಡಬೇಡಿ. ನೆಲದ ಮೇಲೆ ಬಿದ್ದ ಮೊಳೆ, ತಗಡು ಏನೇ ಕಂಡರೂ ಎತ್ತಿ; 2000ದಲ್ಲಿ ಪ್ಯಾರಿಸ್‌ನಲ್ಲಿ ರನ್‌ವೇ ಮೇಲೆ ಬಿದ್ದಿದ್ದ ಲೋಹದ ಒಂದು ಪಟ್ಟಿಯಿಂದ ಕಾಂಕಾರ್ಡ್ ವಿಮಾನ ಉರಿದು 113 ಜನ ಸತ್ತರು. ಮೂರನೆಯದು, ತಪ್ಪು ಕಂಡರೆ ಎರಡು ಕೈ ಎತ್ತಿ ಅಡ್ಡ ಹಿಡಿದು ‘ನಿಲ್ಲಿಸಿ’ ಎಂದು ತೋರಿಸಿ. ಎದುರಿಗಿರುವವರು ಎಷ್ಟೇ ದೊಡ್ಡವರಾಗಿರಲಿ, ಹೊಸಬನೆಂದು ಹಿಂಜರಿಯಬೇಡಿ. ಕ್ಲಾಸಿನಲ್ಲಿ ಅರ್ಥವಾಗದಾಗ ಎದ್ದು ನಿಂತು ‘ಸಾರ್, ಇನ್ನೊಂದು ಸಲ’ ಎಂದು ಕೇಳುವ ಧೈರ್ಯ ಇಲ್ಲಿ ಬಂದರೆ, ಅಲ್ಲಿ ಕೈ ಎತ್ತುವ ಧೈರ್ಯವೂ ಬರುತ್ತದೆ. ಗುರುಗಳಲ್ಲಿ ನನ್ನ ವಿನಂತಿಯೂ ಇಷ್ಟೇ, ಆ ಕೈಯನ್ನು ದಯವಿಟ್ಟು ಇಳಿಸಬೇಡಿ.

ಉಳಿದ ನಾವೆಲ್ಲ ಒಂದಲ್ಲ ಒಂದು ದಿನ ವಿಮಾನ ಹತ್ತುವವರು. ಗುಡುಗು ಮಿಂಚು ಬಂದರೆ ರ‍್ಯಾಂಪ್ ಕೆಲಸ ನಿಲ್ಲಿಸುತ್ತಾರೆ, ಸಾಮಾನು ಬರುವುದು ತಡವಾಗುತ್ತದೆ. ಆಗ ಕೌಂಟರಿನವರ ಮೇಲೆ ರೇಗಬೇಡಿ. ಯಾರದೋ ಮನೆಯ ಮಗ ಕೆಲಸ ಮುಗಿಸಿ ಮನೆಗೆ ಹೋಗಲೆಂದು ಆ ಹತ್ತು ನಿಮಿಷ ಕಾಯುತ್ತಿದ್ದೇವೆ ಎಂದುಕೊಳ್ಳಿ.

ಐವತ್ತು ವರ್ಷ ಬಡವರ ಮಕ್ಕಳಿಗೆ ಬಾಗಿಲು ತೆರೆದಿಟ್ಟ ಈ ಶಾಲೆಗೆ ನನ್ನ ನಮನಗಳು.