ವಸಡುರೋಗದಲ್ಲಿ ಹರ್ಪಿಸ್ ವೈರಸ್‌ಗಳ ಪಾತ್ರ

(ರೇಗನ್ಸ್‌ಬರ್ಗ್‌ನ ಕನ್ನಡ ಬಂಧುಗಳ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಡ್ಯಾನ್ಯೂಬ್ ನದಿಯ ದಡದ ಈ ಪುರಾತನ ನಗರದಲ್ಲಿ ನಮ್ಮ ನುಡಿಯಲ್ಲಿಯೇ ವೈದ್ಯಕೀಯ ವಿಷಯವೊಂದನ್ನು ನಿವೇದಿಸುವ ಅವಕಾಶ ಒದಗಿದ್ದು ನನ್ನ ಭಾಗ್ಯ. 'ಹರ್ಪಿಸ್' ಎಂಬ ಹೆಸರು ಕೇಳಿ ಕೆಲವರಿಗೆ ಮುಜುಗರವಾಗಿರಬಹುದು. ಆದರೆ ಅದು ಒಂದು ದೊಡ್ಡ ಮನೆತನದ ಹೆಸರು. ಬಾಲ್ಯದ ಸೀತಾಳೆ ಸಿಡುಬು, ಇಳಿವಯಸ್ಸಿನ ಸರ್ಪಸುತ್ತು, ತುಟಿಯಂಚಿನ ನೀರ್ಗುಳ್ಳೆ, ಇವೆಲ್ಲಕ್ಕೂ ಕಾರಣ ಆ ಮನೆತನದ ವೈರಸ್‌ಗಳೇ. ಒಮ್ಮೆ ದೇಹವನ್ನು ಹೊಕ್ಕರೆ ಅವು ಹೊರಡುವುದಿಲ್ಲ. ಜೀವಮಾನವಿಡೀ ಅಡಗಿದ್ದು, ಅವಕಾಶ ದೊರೆತಾಗ ಎಚ್ಚರಗೊಳ್ಳುತ್ತವೆ.

ವಸಡಿನ ವಿಚಾರದಲ್ಲಿ ಮುಖ್ಯವಾದವು ಎರಡು: 1964ರಲ್ಲಿ ಬೆಳಕಿಗೆ ಬಂದ ಎಪ್‌ಸ್ಟೈನ್–ಬಾರ್ ವೈರಸ್ ಮತ್ತು ಸೈಟೊಮೆಗಾಲೊ ವೈರಸ್. ಮೊದಲನೆಯದು ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿದೆ. ಎರಡೂ ಜೊಲ್ಲಿನ ಮೂಲಕ ಹರಡಬಲ್ಲವು. ಕಿವಿಯ ಬಳಿಯ ಜೊಲ್ಲುಗ್ರಂಥಿಯಲ್ಲಿ ಎಪ್‌ಸ್ಟೈನ್–ಬಾರ್ ವೈರಸ್ ನೆಲೆಸಿರುವುದನ್ನು 1984ರಲ್ಲಿ ವರದಿ ಮಾಡಿದವರಲ್ಲಿ ಹಾನ್ಸ್ ವೋಲ್ಫ್ ಒಬ್ಬರು. ಮುಂದೆ ಅವರು ಇದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕರಾದರು.

ವಸಡುರೋಗವು ಹಲ್ಲಿನ ಬುಡದಲ್ಲಿ ಶೇಖರವಾಗುವ ಬ್ಯಾಕ್ಟೀರಿಯಾಗಳ ಪದರದಿಂದ ಆರಂಭವಾಗುತ್ತದೆ. ವಸಡು ಊದಿ, ರಕ್ತ ಒಸರಿ, ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಕ್ರಮೇಣ ದವಡೆಯ ಮೂಳೆ ಕರಗಿ ಹಲ್ಲು ಅಲ್ಲಾಡತೊಡಗುತ್ತದೆ. ಆದರೆ ಒಂದೇ ಬಗೆಯ ಕೊಳೆಯಿದ್ದರೂ ಒಬ್ಬರಿಗೆ ಮೂಳೆ ಬೇಗ ಕರಗುವುದೇಕೆ, ಮತ್ತೊಬ್ಬರಿಗೆ ಏಕಿಲ್ಲ? 1990ರ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಯೋರ್ಗನ್ ಸ್ಲಾಟ್ಸ್ ಮತ್ತು ಅಡಾಲ್ಫೊ ಕಾಂಟ್ರೆರಾಸ್ ಇದಕ್ಕೊಂದು ಉತ್ತರ ಸೂಚಿಸಿದರು. ಊತವಿದ್ದೆಡೆಗೆ ಧಾವಿಸುವ ಬಿಳಿ ರಕ್ತಕಣಗಳೊಳಗೇ ಈ ವೈರಸ್‌ಗಳು ಅಡಗಿರುತ್ತವೆ. ಅಲ್ಲಿ ಅವು ಎಚ್ಚರಗೊಂಡರೆ ರಕ್ಷಣಾಶಕ್ತಿ ಕುಗ್ಗುತ್ತದೆ, ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಮೂಳೆಯನ್ನು ಕರಗಿಸುವ ಕಣಗಳಿಗೆ ಪ್ರಚೋದನೆ ದೊರೆಯುತ್ತದೆ. ಬ್ಯಾಕ್ಟೀರಿಯಾಗಳು ಹೊರಸೂಸುವ ಬ್ಯುಟಿರಿಕ್ ಆಮ್ಲವು ಎಪ್‌ಸ್ಟೈನ್–ಬಾರ್ ವೈರಸ್ಸನ್ನು ಎಬ್ಬಿಸಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಹೀಗೆ ಒಂದಕ್ಕೊಂದು ನೆರವಾಗುತ್ತವೆ.

ಆದರೂ ರೋಗಗ್ರಸ್ತ ವಸಡಿನಲ್ಲಿ ವೈರಸ್ ಹೆಚ್ಚಾಗಿ ಸಿಕ್ಕಿತೆಂದ ಮಾತ್ರಕ್ಕೆ ಅದೇ ಮೂಲಕಾರಣವೆನ್ನಲಾಗದು. ಊತವಿದ್ದುದರಿಂದಲೇ ವೈರಸ್ ಹೊತ್ತ ರಕ್ತಕಣಗಳು ಅಲ್ಲಿಗೆ ಬಂದಿರಬಹುದು. ಈ ಸಂಶಯ ಇನ್ನೂ ಪೂರ್ಣವಾಗಿ ಪರಿಹಾರವಾಗಿಲ್ಲ. ಆದ್ದರಿಂದ ವೈರಸ್ ನಿರೋಧಕ ಔಷಧಿಗಳು ವಸಡುರೋಗದ ರೂಢಿಯ ಚಿಕಿತ್ಸೆಯಲ್ಲಿ ಸೇರಿಲ್ಲ.

"ವೈರಸ್ ಹೋಗುವುದೇ ಇಲ್ಲವೆಂದ ಮೇಲೆ ಹಲ್ಲುಜ್ಜಿ ಫಲವೇನು?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಫಲವಿದೆ. ಮಲಗಿದ ವೈರಸ್ಸನ್ನು ಹೊರಗಟ್ಟಲಾರೆವು; ಅದನ್ನು ಎಬ್ಬಿಸುವ ಕೊಳೆಯನ್ನಂತೂ ತೆಗೆಯಬಲ್ಲೆವು. ಹಲ್ಲುಗಳ ಸಂದುಗಳನ್ನು ನಿತ್ಯ ಶುಚಿಗೊಳಿಸಿ. ತಂಬಾಕು ಬಿಡಿ, ಧೂಮಪಾನವು ರಕ್ತಸ್ರಾವವನ್ನು ಮರೆಮಾಚಿ ರೋಗವನ್ನು ಬೆಳೆಸುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯು 2021ರ ಜುಲೈನಿಂದ ಚಿಕಿತ್ಸೆಯ ತರುವಾಯದ ಎರಡು ವರ್ಷಗಳ ಪಾಲನೆಯನ್ನೂ ಒಳಗೊಂಡಿದೆ. ಇದನ್ನು ಬಳಸಿಕೊಳ್ಳಿ.

ವಸಡಿನ ರಕ್ತವನ್ನು "ಉಷ್ಣವಾಗಿದೆ" ಎಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ನೋವಿಲ್ಲವೆಂದು ಕಾದು ಕುಳಿತರೆ, ಕರಗಿದ ಮೂಳೆ ತಾನಾಗಿ ಮರಳುವುದಿಲ್ಲ. ರಕ್ತ ಕಂಡ ವಾರವೇ ದಂತವೈದ್ಯರನ್ನು ಕಾಣಿರೆಂದು ಬಿನ್ನವಿಸಿ ವಿರಮಿಸುತ್ತೇನೆ.